ಹೋಳಿಯಿಂದ ದಸರಾವರೆಗೆ: ಕಲಬುರಗಿ ಹವೆಗೆ ಒಪ್ಪುವ, ಕಣ್ಣಿಗೂ ಒಪ್ಪುವ ಉಡುಪು ಜೋಡಿಸುವುದು ಹೇಗೆ?

ಹೋಳಿ ಹುಣ್ಣಿಮೆ ಮುಗಿಯುತ್ತಿದ್ದಂತೆ ಓದುಗರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಈ ಬಿಸಿಲಲ್ಲಿ ಚೆಂದ ಕಾಣೋ ಹಾಗೆ ಏನು ಹಾಕ್ಕೋಬೇಕು?" ಗಣೇಶನ ಹಬ್ಬದ ಹೊತ್ತಿಗೆ ಅದೇ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ: "ಬೇಸಿಗೆಗೆ ತಗೊಂಡ ಬಟ್ಟೆ ಈಗಲೂ ನಡೆಯುತ್ತಾ, ಹೊಸದು ಬೇಕಾ?" ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಇದು ಅನ್ವಯ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಫೋನಿನಲ್ಲಿ ನೀವು ನೋಡುವ "ಸಮ್ಮರ್ ಲುಕ್" ನಮ್ಮೂರಿಗಾಗಿ ಮಾಡಿದ್ದಲ್ಲ. ತೋಳಿಲ್ಲದ ಕುರ್ತಾ, ಮೊಣಕಾಲಿನ ಚಡ್ಡಿ, ತೆಳು ಸ್ಟ್ರ್ಯಾಪಿನ ಉಡುಪು ಇವೆಲ್ಲ ಗಾಳಿ ನಮ್ಮ ಮೈಗಿಂತ ತಂಪಾಗಿರುವ ಊರಿಗೆ ಸರಿ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಗಾಳಿ 40 ದಾಟುತ್ತದೆ. ಯಾದಗಿರಿಯಲ್ಲೂ ಅಷ್ಟೇ. ಬೀದರ್ ಎತ್ತರದಲ್ಲಿರುವುದರಿಂದ ಸ್ವಲ್ಪ ಮೇಲು. ಮೈಗಿಂತ ಬಿಸಿಯಾದ ಗಾಳಿ ಬರಿ ತೋಳಿಗೆ ಬಡಿದರೆ ತಂಪು ಮಾಡುವುದಿಲ್ಲ, ಇನ್ನಷ್ಟು ಕಾಯಿಸುತ್ತದೆ. ಹಾಗಾಗಿ ಇಲ್ಲಿ ಮೈ ಮುಚ್ಚುವ ಸಡಿಲ ಬಟ್ಟೆಯೇ ತಂಪು. ಬಿಸಿಲಿನ ಹೊಲದಲ್ಲಿ ದುಡಿಯುವವರು ಪೂರ್ತಿ ತೋಳಿನ ಅಂಗಿ ಹಾಕಿ, ತಲೆಗೆ ರುಮಾಲು ಸುತ್ತುವುದು ಸುಮ್ನೆ ಅಲ್ಲ.

ಹಂತ 1: ನಿಮ್ಮ ದಿನದ ವೇಳೆ ಬರೆದುಕೊಳ್ಳಿ

ಬಟ್ಟೆ ಕೊಳ್ಳುವ ಮೊದಲು ಒಂದು ಕಾಗದದಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಹೊರಗೆ ಹೋಗುತ್ತೀರಿ, ಹೇಗೆ ಹೋಗುತ್ತೀರಿ, ಒಳಗೆ ಎ.ಸಿ. ಇದೆಯೋ ಫ್ಯಾನೋ, ಮರಳಿ ಬರುವುದು ಯಾವಾಗ.

ಒಂದು ಉದಾಹರಣೆ ನೋಡಿ. ಕಡುಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ರೂಢಿ. ಹೋಗುವಾಗ ಹಿತವಾಗಿರುತ್ತದೆ, ಬರುವಾಗ ನೆತ್ತಿಯ ಮೇಲೆ ಉರಿ ಬಿಸಿಲು. ಅಂಥವರು ಬೆಳಗಿನ ಹವೆ ನೋಡಿ ಬಟ್ಟೆ ಹಾಕಿದರೆ ಮಧ್ಯಾಹ್ನ ಕಷ್ಟಪಡುತ್ತಾರೆ. ಯಾವಾಗಲೂ ಮರಳಿ ಬರುವ ಹೊತ್ತಿಗೆ ಹೊಂದುವ ಬಟ್ಟೆ ಆರಿಸಿ. ಎ.ಸಿ. ಇರುವ ಬ್ಯಾಂಕು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ ಒಂದು ತೆಳು ಸ್ಟೋಲ್ ಬೇಕು. ಸ್ಕೂಟರಿನಲ್ಲಿ ಮುಖಕ್ಕೆ ಸುತ್ತಿದ್ದೇ ಒಳಗೆ ಹೆಗಲಿಗೆ ಬರಲಿ. ಒಂದೇ ವಸ್ತು, ಎರಡು ಕೆಲಸ.

ಹಂತ 2: ಬೀರು ಖಾಲಿ ಮಾಡಿ, ಇರುವುದನ್ನು ಪರೀಕ್ಷಿಸಿ

ಇರುವ ಬಟ್ಟೆ ಎಲ್ಲ ಮಂಚದ ಮೇಲೆ ಹಾಕಿ. ಮೂರು ಗುಂಪು ಮಾಡಿ: ಬೆವರು ಹೀರುವುದು, ಹೀರದಿರುವುದು, ಗೊತ್ತಾಗದಿರುವುದು. ಮೂರನೆಯ ಗುಂಪಿಗೆ ಎರಡು ಪರೀಕ್ಷೆ ಇವೆ.

ನೀರಿನ ಪರೀಕ್ಷೆ: ಒಳಬದಿಗೆ ಒಂದು ಹನಿ ನೀರು ಬಿಡಿ. ಕೂಡಲೇ ಹರಡಿ ಇಂಗಿದರೆ ಒಳ್ಳೆಯದು. ಹನಿ ಮುತ್ತಿನಂತೆ ನಿಂತರೆ ಹೆಚ್ಚಾಗಿ ಪಾಲಿಯೆಸ್ಟರ್. ಹೊಸ ಕಾಟನ್‌ಗೆ ಗಂಜಿ ಅಥವಾ ಫಿನಿಶ್ ಇದ್ದರೂ ಹನಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹಾಗಾಗಿ ಒಮ್ಮೆ ತೊಳೆದ ಮೇಲೆ ನೋಡುವುದು ಸರಿ.

ದಾರದ ಪರೀಕ್ಷೆ: ಒಳಹೊಲಿಗೆಯ ಅಂಚಿನಿಂದ ಬಟ್ಟೆಯದೇ ಒಂದು ಎಳೆ ಕೀಳಿ. ಹೊಲಿಗೆ ದಾರ ಬೇಡ, ಅದು ಬಹುತೇಕ ಪಾಲಿಯೆಸ್ಟರ್ ಆಗಿರುತ್ತದೆ. ಎಳೆಯನ್ನು ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಮಕ್ಕಳು ಹತ್ತಿರ ಇಲ್ಲದಾಗ ಮಾಡಿ, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ.

ಬೆವರು ಹೀರದ ಬಟ್ಟೆ ಬಿಸಾಡಬೇಡಿ. ಡಿಸೆಂಬರ್, ಜನವರಿಗೆ ಅವು ಬೇಕು.

ಹಂತ 3: ಬಟ್ಟೆ ಆರಿಸುವುದು

ಇಲ್ಲಿ ತಪ್ಪಿದರೆ ಮುಂದಿನ ಯಾವ ಹಂತವೂ ನಿಮ್ಮನ್ನು ಕಾಪಾಡುವುದಿಲ್ಲ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಬೇಸಿಗೆ ಒಣ ಬಿಸಿಲು. ಬೆವರು ಬೇಗ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದೂ ಇದೇ ರೀತಿ. ಬಟ್ಟೆಯ ಕೆಲಸ ಬೆವರನ್ನು ಹೀರಿ ಗಾಳಿಗೆ ಒಪ್ಪಿಸುವುದು. ಭಾದ್ರಪದ, ಆಶ್ವಯುಜದಲ್ಲಿ ಕತೆ ಬೇರೆ. ಸೆಪ್ಟೆಂಬರ್‌ನಲ್ಲಿ ನಮ್ಮಲ್ಲಿ ಮಳೆ ಜಾಸ್ತಿ. ಗಾಳಿಯಲ್ಲೇ ತೇವ ಇರುವುದರಿಂದ ಬೆವರು ಆರುವುದಿಲ್ಲ, ಒಗೆದ ಬಟ್ಟೆಯೂ ಆರುವುದಿಲ್ಲ. ಆಗ ಬೇಕಾಗುವುದು ಬೇಗ ಒಣಗುವ ತೆಳು ಬಟ್ಟೆ. ಎರಡೂ ಕಾಲಕ್ಕೆ ಹೊಂದುವ ಬಟ್ಟೆಗಳೇ ನಿಮ್ಮ ಬೀರುವಿನ ಬುನಾದಿ.

ಅಂಗಡಿಯಲ್ಲಿ ಕೇಳುವ ಹೆಸರುಗಳು ಇವು:

ಮಲ್ ಕಾಟನ್: ಬಹಳ ತೆಳು, ಮೆತ್ತಗೆ. ದುಪಟ್ಟಾ, ಸೀರೆ, ಸಡಿಲ ಕುರ್ತಾಕ್ಕೆ ಅತ್ಯುತ್ತಮ. ಆದರೆ ಪಾರದರ್ಶಕ, ಅಸ್ತರ್ ಬೇಕಾಗುತ್ತದೆ. ಅಸ್ತರ್ ಎಂದರೆ ಒಳಗೆ ಹಚ್ಚುವ ಲೈನಿಂಗ್ ಬಟ್ಟೆ.

ಕ್ಯಾಂಬ್ರಿಕ್: ಮಲ್‌ಗಿಂತ ಒತ್ತಾದ ನೇಯ್ಗೆ, ಮೇಲೆ ಸಣ್ಣ ಹೊಳಪು. ಅಸ್ತರ್ ಇಲ್ಲದೆ ಹೊಲಿಸಬಹುದು. ದಿನಬಳಕೆಯ ಕುರ್ತಾಕ್ಕೆ ನನ್ನ ಮೊದಲ ಆಯ್ಕೆ ಇದೇ.

ಟು ಬೈ ಟು: ಬ್ಲೌಸ್ ಪೀಸ್ ಕೊಳ್ಳುವವರಿಗೆ ಈ ಹೆಸರು ಗೊತ್ತೇ ಇದೆ. ಉದ್ದ, ಅಡ್ಡ ಎರಡೂ ಕಡೆ ಜೋಡಿ ಎಳೆ ಹಾಕಿ ನೇಯ್ದದ್ದು. ಹಾಗಾಗಿ ತೆಳುವಾಗಿದ್ದರೂ ಗಟ್ಟಿ.

ಲಿನನ್: ಅಗಸೆ ಗಿಡದ ನಾರಿನಿಂದ ಆಗುವ ಬಟ್ಟೆ. ಬೆವರು ಹೀರುತ್ತದೆ, ಬೇಗ ಒಣಗುತ್ತದೆ, ಮೈಗೆ ಅಂಟುವುದಿಲ್ಲ. ಬೆಲೆ ಹೆಚ್ಚು, ಸುಕ್ಕು ಹೆಚ್ಚು. ಸುಕ್ಕು ಅದರ ಗುಣ, ಅದನ್ನು ಒಪ್ಪಿಕೊಂಡೇ ತಗೊಳ್ಳಿ.

ಖಾದಿ: ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದದ್ದು. ತೆಳು ಖಾದಿ ಬೇಸಿಗೆಗೆ, ದಪ್ಪ ಖಾದಿ ಅಕ್ಟೋಬರ್ ಬೆಳಗಿಗೆ.

ರೇಯಾನ್: ಮರದ ತಿರುಳಿನಿಂದ ಮಾಡುತ್ತಾರೆ. ನೀಟಾಗಿ ಇಳಿಬೀಳುತ್ತದೆ, ಅಗ್ಗ. ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಕುಗ್ಗುತ್ತದೆ. ಸಂಜೆಯ ಉಡುಪಿಗೆ ಆಗಬಹುದು, ಮಧ್ಯಾಹ್ನದ ಬಿಸಿಲಿಗೆ ಬೇಡ.

ಟೆರಿಕಾಟ್: ಪಾಲಿಯೆಸ್ಟರ್ ಮತ್ತು ಕಾಟನ್ ಬೆರಕೆ. ಇಸ್ತ್ರಿ ಕೆಡುವುದಿಲ್ಲ ಎಂದು ಆಸೆಯಾಗುತ್ತದೆ, ಅಲ್ವಾ? ಮೇ ತಿಂಗಳಲ್ಲಿ ಅದರ ಶರ್ಟ್ ಬೇಡವೇ ಬೇಡ.

ಎಚ್ಚರಿಕೆ: "ಕಾಟನ್ ಫೀಲ್", "ಲಿನನ್ ಫಿನಿಶ್", "ಸಾಫ್ಟ್ ಕಾಟನ್" ಎಂದು ಬರೆದಿದ್ದರೆ ಅದು ಶುದ್ಧ ಕಾಟನ್ ಎಂದು ಅರ್ಥವಲ್ಲ. ಒಳಗಿನ ಚೀಟಿಯಲ್ಲಿ "100% ಕಾಟನ್" ಇದೆಯೇ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಜಿ.ಎಸ್.ಎಂ. ಎಂಬ ಸಂಖ್ಯೆ ಹುಡುಕಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದು. ಕುರ್ತಾ, ಶರ್ಟಿಗೆ 100ರಿಂದ 140 ಒಳಗಿದ್ದರೆ ಹಿತ. 80ಕ್ಕಿಂತ ಕಡಿಮೆ ಇದ್ದರೆ ಅಸ್ತರ್ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಹಂತ 4: ಅಳತೆ, ನೀರು, ಹೊಲಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ಪೀಸ್ ತಗೊಂಡು ಹೊಲಿಸುವುದು ರೆಡಿಮೇಡ್‌ಗಿಂತ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಡಿಲ ಎಷ್ಟಿರಬೇಕು ಎಂದು ನೀವೇ ಹೇಳಬಹುದು. 44 ಇಂಚು ಪನ್ನದ, ಅಂದರೆ ಅಗಲದ ಬಟ್ಟೆಯಲ್ಲಿ ಮೊಣಕಾಲು ದಾಟುವ ಪೂರ್ತಿ ತೋಳಿನ ಕುರ್ತಾಕ್ಕೆ ಎರಡೂವರೆ ಮೀಟರ್ ಬೇಕು. 58 ಇಂಚು ಪನ್ನದಲ್ಲಿ ಗಂಡಸರ ಪೂರ್ತಿ ತೋಳಿನ ಶರ್ಟಿಗೆ 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್. ಎತ್ತರದವರು, ದಪ್ಪ ಇರುವವರು ಟೇಲರನ್ನು ಕೇಳಿಯೇ ಕೊಳ್ಳಿ. ಕಾಟನ್ ಕುಗ್ಗುತ್ತದೆ, ಕಾಲು ಮೀಟರ್ ಜಾಸ್ತಿ ತಗೊಳ್ಳಿ.

ತಂದ ಬಟ್ಟೆಯನ್ನು ಟೇಲರ್‌ಗೆ ಕೊಡುವ ಮೊದಲು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಬಣ್ಣ ಬಿಡುತ್ತದೆಯೋ ಎಂಬುದೂ ಆಗಲೇ ಗೊತ್ತಾಗುತ್ತದೆ. ಅಸ್ತರ್, ಸೀರೆಯ ಕಾಟನ್ ಫಾಲ್ ಕೂಡ ನೀರು ಕಾಣಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಫಾಲ್ ಕುಗ್ಗಿ ಅಂಚು ಮುದುಡುತ್ತದೆ.

ನಾನು ಕಂಡಂತೆ ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಅಸ್ತರ್‌ನಲ್ಲಿ. ಮೇಲೆ ದುಬಾರಿ ಮಲ್ ಕಾಟನ್, ಒಳಗೆ ಕ್ರೇಪ್ ಅಥವಾ ಸ್ಯಾಟಿನ್! ಮೈಗೆ ತಾಗುವುದು ಒಳಗಿನದೇ ತಾನೇ? ಬೆವರು ಅಲ್ಲಿಯೇ ನಿಂತು ಬೆವರುಸಾಲೆ ಏಳುತ್ತದೆ. "ಅಸ್ತರ್ ಕಾಟನ್‌ದೇ ಹಾಕಿ" ಎಂದು ಬಾಯಿಬಿಟ್ಟು ಹೇಳಿ. ಇನ್ನೂ ಒಳ್ಳೆಯದೆಂದರೆ ಅಸ್ತರ್ ಹಚ್ಚಿಸದೆ ಒಂದು ಕಾಟನ್ ಸ್ಲಿಪ್ ಇಟ್ಟುಕೊಳ್ಳಿ, ಎಲ್ಲ ಕುರ್ತಾಕ್ಕೂ ಆಗುತ್ತದೆ. ಸೀರೆ ಉಡುವವರಿಗೂ ಇದೇ ಮಾತು. ಮೈಗೆ ಅಂಟುವ ಶೇಪ್‌ವೇರ್ ಬೇಸಿಗೆ ಮಧ್ಯಾಹ್ನಕ್ಕೆ ಬೇಡ, ಕಾಟನ್ ಪರಕಾರವೇ ಸಾಕು.

ಟೇಲರ್‌ಗೆ ಹೇಳಬೇಕಾದ ಇನ್ನೂ ಕೆಲವು: ಕಂಕುಳಲ್ಲಿ ಅರ್ಧ ಇಂಚು ಸಡಿಲ, ಪಕ್ಕದ ಕಟ್ ಸ್ವಲ್ಪ ಉದ್ದ, ಒಳಗೆ ಬಿಡಿಸಲು ಬಟ್ಟೆ, ಕುರ್ತಾಕ್ಕೆ ಜೇಬು. ಜೇಬು ಕೇಳಲು ಸಂಕೋಚ ಬೇಡ.

ಹಂತ 5: ಬಣ್ಣ

ಬಿಸಿಲಿಗೆ ತಿಳಿ ಬಣ್ಣ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಚ್ಚ ಬಿಳಿ ನಮ್ಮ ಧೂಳಿನಲ್ಲಿ ಬೇಗ ಮಾಸುತ್ತದೆ. ಕೆನೆ ಬಣ್ಣ, ಪಿಸ್ತಾ ಹಸಿರು, ತಿಳಿ ಆಕಾಶನೀಲಿ, ತೊಗರಿಬೇಳೆಯ ಹಳದಿ ಇವು ಉತ್ತಮ. ತಿಳಿ ಬೂದು ಮಾತ್ರ ಮೇಲುಡುಪಿಗೆ ಬೇಡ. ಬೆವರಿನ ಕಲೆ ಅದರಲ್ಲಿ ಎದ್ದು ಕಾಣುತ್ತದೆ. ಸಣ್ಣ ಹೂವಿನ, ಗೀಟಿನ ಪ್ರಿಂಟ್ ಇದ್ದರೆ ಬೆವರೂ ಕಾಣುವುದಿಲ್ಲ, ಧೂಳೂ ಕಾಣುವುದಿಲ್ಲ.

ಸೆಪ್ಟೆಂಬರ್‌ನಿಂದ ಬಣ್ಣ ಗಾಢವಾಗಲಿ: ಇಟ್ಟಿಗೆ ಕೆಂಪು, ಸಾಸಿವೆ, ಎಲೆಹಸಿರು, ದಾಳಿಂಬೆ ಬಣ್ಣ. ಇಲ್ಲಿ ಒಂದು ಉಪಾಯ ಇದೆ. ಕೆಳಗಿನ ಉಡುಪು, ಅಂದರೆ ಪ್ಯಾಂಟ್, ಪಲಾಜೊ, ಸಲ್ವಾರ್, ಎರಡೂ ಕಾಲಕ್ಕೆ ಹೊಂದುವ ಮೂರೇ ಬಣ್ಣದಲ್ಲಿ ಇರಲಿ: ಕೆನೆ, ಶಹಾಬಾದ್ ಕಲ್ಲಿನ ಬೂದು, ಕಡುನೀಲಿ. ಮೇಲಿನವು ಐದು ಇದ್ದರೆ ಹದಿನೈದು ಜೋಡಿ ಆಗುತ್ತವೆ. ಕಾಲ ಬದಲಾದಾಗ ಮೇಲಿನ ಎರಡು, ಜತೆಗೆ ಒಂದು ಸ್ಟೋಲ್ ಬದಲಿಸಿದರೆ ಸಾಕು. ಹೊಸ ಬೀರು ತುಂಬುವ ಖರ್ಚು ಇಲ್ಲ.

ಹಂತ 6: ಬೇಸಿಗೆಯ ಜೋಡಿಗಳು

ಕಚೇರಿ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ: ಪಿಸ್ತಾ ಬಣ್ಣದ ಸಣ್ಣ ಪ್ರಿಂಟಿನ ಕ್ಯಾಂಬ್ರಿಕ್ ಕುರ್ತಾ, ಮುಕ್ಕಾಲು ಅಥವಾ ಪೂರ್ತಿ ತೋಳು, ಕೆನೆ ಬಣ್ಣದ ನೇರ ಪ್ಯಾಂಟ್, ದೊಡ್ಡ ಮಲ್ ದುಪಟ್ಟಾ. ಬಿಗಿ ಲೆಗ್ಗಿಂಗ್ಸ್ ಈ ಮೂರು ತಿಂಗಳು ಒಳಗಿಡಿ. ಸ್ಕೂಟರಿನಲ್ಲಿ ದುಪಟ್ಟಾ ಮುಖಕ್ಕೆ ಸುತ್ತಿದಾಗ ಎರಡೂ ತುದಿ ಕುರ್ತಾದ ಒಳಗೆ ಸಿಕ್ಕಿಸಿ. ಗಾಲಿಗೆ ಸಿಕ್ಕರೆ ಜೀವಕ್ಕೇ ಅಪಾಯ.

ಗಂಡುಮಕ್ಕಳಿಗೆ: ಆಕಾಶನೀಲಿ ಲಿನನ್ ಅಥವಾ ತೆಳು ಕಾಟನ್ ಶರ್ಟ್, ಪೂರ್ತಿ ತೋಳು. ಒಳಗೆ ಹೋದ ಮೇಲೆ ತೋಳು ಮಡಚಿಕೊಳ್ಳಿ. ಕೆಳಗೆ ಬೂದು ಬಣ್ಣದ ತೆಳು ಕಾಟನ್ ಪ್ಯಾಂಟ್, ತೊಡೆಯಲ್ಲಿ ಸಡಿಲ. ತಿಳಿ ಬಣ್ಣದ ಶರ್ಟಿನ ಒಳಗೆ ಬಿಳಿ ಬನಿಯನ್ ಎದ್ದು ಕಾಣುತ್ತದೆ, ಮೈಬಣ್ಣಕ್ಕೆ ಹತ್ತಿರದ ಬನಿಯನ್ ಕಾಣುವುದಿಲ್ಲ. ಈ ಸಣ್ಣ ಬದಲಾವಣೆಯಿಂದಲೇ ಉಡುಪು ಎಷ್ಟು ಚೊಕ್ಕ ಆಗುತ್ತದೆ ನೋಡಿ. ಬಿಸಿಲಿನಲ್ಲಿ ಓಡಾಡುವ ಕೆಲಸ ಇದ್ದರೆ ಜೇಬಿನಲ್ಲಿ ಎರಡು ದಸ್ತಿ ಇರಲಿ, ಒಂದನ್ನು ಒದ್ದೆ ಮಾಡಿ ಕುತ್ತಿಗೆಗೆ ಹಾಕಿಕೊಳ್ಳಲು.

ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಗೆ ಅನೇಕರು ಹೊಸ ರೇಷ್ಮೆ ಉಟ್ಟು ಒದ್ದಾಡುತ್ತಾರೆ. ಜನಜಂಗುಳಿ, ಧೂಳು, ಬಿಸಿಲು ಮೂರೂ ಇರುವಲ್ಲಿ ಕಾಟನ್ ಒಡಲಿನ ಇಳಕಲ್ ಸೀರೆ ಉಡಿ. ಸೆರಗಿನ ಹೊಳಪು ಹಬ್ಬಕ್ಕೆ ಸಾಕು, ಒಡಲು ಮೈಗೆ ಹಿತ. ಕೊಳ್ಳುವಾಗ ಒಡಲು ಕಾಟನ್ ಹೌದೋ ಎಂದು ಕೇಳಿ. ರೇಷ್ಮೆ ಒಡಲಿನದೂ, ಪಾಲಿಯೆಸ್ಟರ್ ಬೆರಕೆಯದೂ ಅದೇ ಹೆಸರಲ್ಲಿ ಸಿಗುತ್ತವೆ. ಗಂಡಸರು ಧೋತರ ಉಟ್ಟು ತೆಳು ಖಾದಿ ಅಂಗಿ ಹಾಕಿದರೆ ಅದಕ್ಕಿಂತ ಚೆಂದ ಯಾವುದೂ ಇಲ್ಲ.

ಆಭರಣ ಕಡಿಮೆ ಇರಲಿ. ಲೋಹ ಬಿಸಿಲಿಗೆ ಕಾಯುತ್ತದೆ. ಬೀದರಿನ ಬಿದ್ರಿ ಕಲೆಯ ಸಣ್ಣ ಓಲೆ ಕೆನೆ ಬಣ್ಣದ ಕಾಟನ್ ಜತೆ ಬಹಳ ಒಪ್ಪುತ್ತದೆ. ಕಪ್ಪು ಮೈಯಲ್ಲಿ ಬೆಳ್ಳಿ ಕುಸುರಿ, ನೂರಾರು ವರ್ಷಗಳ ಕೈಕೆಲಸ, 2006ರಲ್ಲಿ ಭೌಗೋಳಿಕ ಗುರುತು ಅಂದರೆ ಜಿ.ಐ. ಟ್ಯಾಗ್ ಪಡೆದದ್ದು. ನಮ್ಮ ಪಕ್ಕದಲ್ಲೇ ಇಂಥದ್ದು ಇರುವಾಗ ದೂರದ ಅಗ್ಗದ ಪ್ಲಾಸ್ಟಿಕ್ ಯಾಕೆ? ತೆಗೆದ ಮೇಲೆ ಬೆವರು ಒರೆಸಿ ಇಡಿ. ತಂಪು ಕನ್ನಡಕ ಕೊಂಡರೆ "ಯು.ವಿ. 400" ಎಂದು ಇರುವುದನ್ನೇ ಕೊಳ್ಳಿ. ಬರೀ ಕಪ್ಪು ಗಾಜಿನಿಂದ ಕಣ್ಣಿಗೆ ರಕ್ಷಣೆ ಇಲ್ಲ.

ಹಂತ 7: ಉತ್ತರಿ, ಹಸ್ತ ಮಳೆಯ ಹೊತ್ತಿನ ಜೋಡಿಗಳು

ಈ ಕಾಲದಲ್ಲಿ ಬೆಳಗ್ಗೆ ಮೋಡ, ಮಧ್ಯಾಹ್ನ ಧಗೆ, ಸಂಜೆ ಸಡನ್ನಾಗಿ ಮಳೆ. ಅಕ್ಟೋಬರ್ ನಡುವಿನ ನಂತರ ಬೆಳಗ್ಗೆ ಸಣ್ಣ ಚಳಿ. ಒಂದೇ ದಪ್ಪ ಬಟ್ಟೆಗಿಂತ ಎರಡು ತೆಳು ಪದರ ಮೇಲು.

ಹೆಣ್ಣುಮಕ್ಕಳು ಬೇಸಿಗೆಯದೇ ಕೆನೆ ಕುರ್ತಾ ಮೇಲೆ ಇಟ್ಟಿಗೆ ಬಣ್ಣದ ಕಾಟನ್ ಶ್ರಗ್ ಹಾಕಿ. ಶ್ರಗ್ ಎಂದರೆ ಗುಂಡಿ ಇಲ್ಲದ, ಮುಂದೆ ತೆರೆದ ತೆಳು ಮೇಲಂಗಿ. ಕೆಳಗೆ ಕಡುನೀಲಿ ಪ್ಯಾಂಟ್. ಗಂಡುಮಕ್ಕಳು ಅದೇ ಆಕಾಶನೀಲಿ ಶರ್ಟಿನ ಮೇಲೆ ಸಾಸಿವೆ ಅಥವಾ ಕಂದು ಬಣ್ಣದ ಖಾದಿ ನೆಹರೂ ಜಾಕೆಟ್ ಹಾಕಿದರೆ ಕಚೇರಿಗೂ ಆಗುತ್ತದೆ, ಸಂಜೆಯ ಕಾರ್ಯಕ್ರಮಕ್ಕೂ ಆಗುತ್ತದೆ. ಸೆಖೆಯಾದರೆ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ.

ತಪ್ಪಿಸಬೇಕಾದದ್ದು ಮೂರು. ಮೊದಲನೆಯದು, ನೆಲಕ್ಕೆ ತಾಗುವ ಪಲಾಜೊ. ನಮ್ಮ ಕರಿಮಣ್ಣು ಅಂಚಿಗೆ ಹತ್ತಿದರೆ ಆ ದಿನ ಮುಗಿಯಿತು. ಪ್ಯಾಂಟ್ ಕಣಕಾಲಿನ ಮೇಲೆ ನಿಲ್ಲಲಿ. ಎರಡನೆಯದು, ಅಸ್ತರ್ ಇಲ್ಲದ ತಿಳಿ ಬಣ್ಣ. ಮಳೆ ಬಿದ್ದರೆ ಮೈ ಕಾಣುತ್ತದೆ. ಮೂರನೆಯದು, ದಪ್ಪ ಜೀನ್ಸ್. ಒದ್ದೆಯಾದರೆ ಎರಡು ದಿನವಾದರೂ ಆರುವುದಿಲ್ಲ. ತೊಗಲಿನ ಚಪ್ಪಲಿಯೂ ಈಗ ಬೇಡ, ಹಿಂದೆ ಪಟ್ಟಿ ಇರುವ ರಬ್ಬರ್ ತಳದ ಸ್ಯಾಂಡಲ್ ಹಾಕಿ. ಬನ್ನಿ ಕೊಡುವ ಸಂಜೆಗೆ ತೊಗಲಿನದು ತೆಗೆಯಿರಿ.

ದಸರಾಕ್ಕೆ ಬಂದರೆ ಖಣದ ಕುಬಸಕ್ಕೆ ಈಗ ಕಾಲ. ಗುಳೇದಗುಡ್ಡದ ಖಣ ಒತ್ತು ನೇಯ್ಗೆ. ಏಪ್ರಿಲ್ ಮಧ್ಯಾಹ್ನಕ್ಕೆ ಕಷ್ಟ, ಅಕ್ಟೋಬರ್ ಸಂಜೆಗೆ ಹೇಳಿ ಮಾಡಿಸಿದ್ದು. ಇಳಕಲ್ ಸೀರೆ ಜತೆ ಮಾತ್ರ ಅಲ್ಲ, ಒಂದೇ ಬಣ್ಣದ ಕಾಟನ್ ಸೀರೆ ಜತೆಗೂ ಚೆಂದ. ಖಣ ಗಾಢ ಇದ್ದರೆ ಸೀರೆ ಸಾದಾ ಇರಲಿ, ಎರಡೂ ಒಟ್ಟಿಗೆ ಮೆರೆಯುವುದು ಬೇಡ. ಕಾಲೇಜಿನ ಹುಡುಗಿಯರು ಖಣದ ಮೋಟು ಜಾಕೆಟ್ ಹೊಲಿಸಿ ಸಾದಾ ಕುರ್ತಾ ಮೇಲೆ ಹಾಕಬಹುದು. ಒಂದು ಮೀಟರ್ ಒಳಗೆ ಆಗುತ್ತದೆ.

ಹಂತ 8: ಒಗೆಯುವುದು, ಇಡುವುದು

ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಅದರ ಅಂಶ ಬಟ್ಟೆಯಲ್ಲೇ ಉಳಿದು ಬಿಳಿ ಮಂಕಾಗುತ್ತದೆ. ಒಳ್ಳೆಯ ಬಟ್ಟೆಯ ಕೊನೆಯ ಜಾಲಾಟಕ್ಕಾದರೂ ನಳದ ನೀರು ಇಟ್ಟುಕೊಳ್ಳಿ. ಕಂಕುಳ ಹಳದಿ ಕಲೆಗೆ ಬ್ಲೀಚ್ ಹಾಕಬೇಡಿ, ಹಳದಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಡುಗೆ ಸೋಡಾ ನೀರಿನಲ್ಲಿ ಕಲಸಿ ಹಚ್ಚಿ, ಅರ್ಧ ತಾಸು ಬಿಟ್ಟು ಒಗೆಯಿರಿ.

ಕರಿಮಣ್ಣು ಹತ್ತಿದರೆ ಒದ್ದೆ ಇರುವಾಗ ಉಜ್ಜಬೇಡಿ, ಒಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಡಿ, ಕೊಡವಿ, ಬ್ರಷ್‌ನಿಂದ ಉದುರಿಸಿ, ಆಮೇಲೆ ನೆನೆಸಿ. ಬಣ್ಣದ ಬಟ್ಟೆ ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಹಾಕಿ. ಏಪ್ರಿಲ್ ಬಿಸಿಲಲ್ಲಿ ಒಂದು ತಾಸಿಗೇ ತೆಳು ಕಾಟನ್ ಒಣಗುತ್ತದೆ, ಅದಕ್ಕಿಂತ ಜಾಸ್ತಿ ಬಿಟ್ಟರೆ ಬಣ್ಣ ಹೋಗುತ್ತದೆ. ಗಂಜಿ ಹಾಕುವುದಿದ್ದರೆ ತೆಳುವಾಗಿ ಹಾಕಿ. ದಪ್ಪ ಗಂಜಿ ನೇಯ್ಗೆಯ ಸಂದು ಮುಚ್ಚಿ ಗಾಳಿ ತಡೆಯುತ್ತದೆ. ಮಳೆಗಾಲಕ್ಕೆ ಎತ್ತಿಡುವ ಬಟ್ಟೆಗೆ ಗಂಜಿ ಬೇಡವೇ ಬೇಡ, ಹುಳು ಹತ್ತುತ್ತದೆ.

ಯಾವಾಗ ಶುರು ಮಾಡಬೇಕು?

ಬೇಸಿಗೆಯ ಬಟ್ಟೆಯನ್ನು ಶಿವರಾತ್ರಿ ಹೊತ್ತಿಗೆ ಟೇಲರ್‌ಗೆ ಕೊಟ್ಟುಬಿಡಿ. ದಸರೆಯದನ್ನು ಗಣೇಶ ವಿಸರ್ಜನೆ ಆದ ವಾರದಲ್ಲೇ ಕೊಡಿ. ನವರಾತ್ರಿ ಶುರುವಾದ ಮೇಲೆ ಯಾವ ಟೇಲರೂ ಹೊಸ ಕೆಲಸ ಮನಸ್ಸಿಟ್ಟು ಹಿಡಿಯುವುದಿಲ್ಲ. ಎಲ್ಲ ಒಟ್ಟಿಗೆ ಕೊಡುವ ಮೊದಲು ಒಂದೇ ಒಂದು ಹೊಲಿಸಿ ನೋಡಿ. ತರಲು ಹೋದಾಗ ಅಲ್ಲೇ ಹಾಕಿಕೊಳ್ಳಿ, ಎರಡೂ ಕೈ ಮೇಲೆತ್ತಿ, ಸ್ಕೂಟರ್ ಹಿಡಿದ ಹಾಗೆ ಮುಂದೆ ಚಾಚಿ, ಕುರ್ಚಿಯಲ್ಲಿ ಕುಳಿತು ನೋಡಿ. ಕಂಕುಳು, ಬೆನ್ನು, ತೊಡೆ ಎಲ್ಲಿ ಹಿಡಿದರೂ ಅಲ್ಲೇ ತೋರಿಸಿ ಬಿಡಿಸಿಕೊಳ್ಳಿ. ಆಮೇಲೆ ಉಳಿದ ಪೀಸ್‌ಗಳನ್ನು ಅದೇ ಅಳತೆಗೆ ಕೊಡಿ.